ಮೊಣಕಾಲಿನ ಆಪರೇಷನ್ ಆಗಿ ಸಂಜೆಗೇ ಮನೆ: ಆಮೇಲಿನ ನೋವನ್ನು ನೋಡಿಕೊಳ್ಳುವುದು ಹೇಗೆ?

ನಮ್ಮ ಅಕ್ಕನ ಮಗ ಜಮಖಂಡಿ ಕಡೆಯ ಹುಡುಗ, ಕಬಡ್ಡಿ ಆಟಗಾರ. ಒಂದು ಪಂದ್ಯದಲ್ಲಿ ರೇಡ್ ಮುಗಿಸಿ ತಿರುಗುವಾಗ ಅವನ ಕಾಲು ಮಣ್ಣಲ್ಲೇ ಹೂತು ನಿಂತಿತು, ಮೈ ಮಾತ್ರ ತಿರುಗಿತು. ಮೊಣಕಾಲಿನ ಒಳಗಿನ ಗಾದಿ ಹರಿಯಿತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಬೆಳಿಗ್ಗೆ ಏಳಕ್ಕೆ ದವಾಖಾನೆಗೆ ಹೋದವನು ಸಂಜೆ ಆರಕ್ಕೆ ವಾಕರ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ರಾತ್ರಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ ಉಂಡು, "ಏನೂ ಬ್ಯಾನಿ ಇಲ್ಲ ಮಾಮಾ" ಅಂತ ನಕ್ಕು ಮಲಗಿದ.

ರಾತ್ರಿ ಎರಡೂವರೆಗೆ ಅವನ ದನಿ ಕೇಳಿ ಎದ್ದೆ. ಹಾಸಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಹಣೆಯಲ್ಲಿ ಬೆವರು. "ಮಾಮಾ, ಕಾಲು ಸಿಡಿಯಾಕತ್ತೈತಿ" ಎಂದ. ಅಕ್ಕ ದವಾಖಾನೆಯವರು ಕೊಟ್ಟಿದ್ದ ಪ್ಲಾಸ್ಟಿಕ್ ಚೀಲ ತಂದಳು. ಒಳಗೆ ಮೂರು ಬಗೆಯ ಗುಳಿಗೆ. ಒಂದನ್ನೂ ಬಿಚ್ಚಿರಲಿಲ್ಲ. "ಬ್ಯಾನಿ ಇಲ್ಲಂದ್ಮ್ಯಾಲ ಗುಳಿಗಿ ಯಾಕ ಅಂತ ಸುಮ್ನಿದ್ನಿ" ಎಂದಳು.

ಅವಳದ್ದು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ? ಮೊದಲೆಲ್ಲ ನಮ್ಮ ಕಡೆಯ ಜನ ಎಲುಬು, ಕೀಲಿನ ಆಪರೇಷನ್ ಅಂದರೆ ಮಿರಜ್‌ಗೋ ಹುಬ್ಬಳ್ಳಿಗೋ ಹೋಗಿ ವಾರಗಟ್ಟಲೆ ಇದ್ದು ಬರುತ್ತಿದ್ದರು. ನೋವು ನೋಡಿಕೊಳ್ಳಲು ನರ್ಸ್ ಇರುತ್ತಿದ್ದರು. ಈಗ ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲೇ ಆಪರೇಷನ್ ಆಗುತ್ತದೆ, ಎಷ್ಟೋ ಸಲ ಅದೇ ದಿನ ಮನೆಗೆ ಕಳಿಸುತ್ತಾರೆ. ನರ್ಸಿನ ಕೆಲಸ ಅವ್ವ, ಅಕ್ಕ, ಹೆಂಡತಿಯ ಕೈಗೆ ಬಂದಿದೆ. ಆ ಕೆಲಸ ಹೇಗೆ ಮಾಡಬೇಕು ಅಂತ ಹೇಳುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಈ ಬರಹ ಅವರಿಗಾಗಿ.

ಸಣ್ಣ ತೂತು, ಒಳಗೆ ದೊಡ್ಡ ಕೆಲಸ

ದಿನದಲ್ಲೇ ಮುಗಿಯುವ ಮೊಣಕಾಲಿನ ಆಪರೇಷನ್‌ಗಳಲ್ಲಿ ಹೆಚ್ಚಿನವು ದುರ್ಬೀನು ಹಾಕಿ ಮಾಡುವಂಥವು. ಡಾಕ್ಟರು ಇದಕ್ಕೆ ಆರ್ತ್ರೋಸ್ಕೊಪಿ ಎನ್ನುತ್ತಾರೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ ತೂತು ಎರಡೋ ಮೂರೋ ಮಾಡುತ್ತಾರೆ. ಒಂದರಲ್ಲಿ ಪೆನ್ನಿನಷ್ಟು ದಪ್ಪದ ಕ್ಯಾಮೆರಾ ಹೋಗುತ್ತದೆ, ಇನ್ನೊಂದರಲ್ಲಿ ಸಾಧನ. ಒಳಗೆ ಕಾಣಲಿ ಅಂತ ಉಪ್ಪುನೀರು ಬಿಟ್ಟು ಕೀಲನ್ನು ಉಬ್ಬಿಸುತ್ತಾರೆ.

ತೊಡೆಯ ಎಲುಬು ಮತ್ತು ಮೊಣಕಾಲಿನ ಕೆಳಗಿನ ಎಲುಬಿನ ನಡುವೆ ಅರ್ಧಚಂದ್ರದಂಥ ಎರಡು ಗಾದಿಗಳಿವೆ. ಹೆಸರು ಮಿನಿಸ್ಕಸ್. ಹರಿದ ಗಾದಿಯನ್ನು ಕತ್ತರಿಸಿ ನುಣುಪು ಮಾಡಬಹುದು, ಇಲ್ಲವೇ ಹೊಲಿಯಬಹುದು. ಕೀಲನ್ನು ಹಿಡಿದಿಡುವ ಒಳಗಿನ ಹಗ್ಗ ಕಡಿದಿದ್ದರೆ ಹೊಸದನ್ನು ಕೂಡಿಸುತ್ತಾರೆ. ಅದನ್ನೇ ಎಸಿಎಲ್ ಆಪರೇಷನ್ ಎನ್ನುವುದು. ಗಾದಿ ಕತ್ತರಿಸಿದ್ದಕ್ಕಿಂತ ಹೊಲಿದದ್ದರ ನೋವು ಸಾಮಾನ್ಯವಾಗಿ ಜಾಸ್ತಿ. ಎಸಿಎಲ್‌ದು ಅದಕ್ಕಿಂತ ಜಾಸ್ತಿ, ಯಾಕಂದರೆ ಅಲ್ಲಿ ಎಲುಬಿನಲ್ಲಿ ಸುರಂಗ ಕೊರೆಯುತ್ತಾರೆ. ಹಾಗಾಗಿ ಪಕ್ಕದ ಮನೆಯವರ ಮಗ ಮೂರನೇ ದಿನ ನಡೆದಾಡಿದ ಅಂತ ನಿಮ್ಮ ಮಗನನ್ನು ಅವನ ಜೊತೆ ತೂಗಬೇಡಿ. ಹೊರಗಿನ ಹೊಲಿಗೆ ಇಬ್ಬರದ್ದೂ ಒಂದೇ ಥರ ಕಾಣುತ್ತದೆ, ಒಳಗಿನ ಕೆಲಸ ಬೇರೆಯೇ ಇರುತ್ತದೆ.

ಗಾಯದಿಂದ ಮಿದುಳಿನ ತನಕ

ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಕೈಗೆ ಉಗುರುಬೆಚ್ಚಗಿನ ನೀರು ಬಿದ್ದರೂ ಉರಿ ಹತ್ತುತ್ತದೆ. ನೀರು ಸುಡುವಷ್ಟು ಬಿಸಿ ಇರುವುದಿಲ್ಲ. ಖಾರ ಚರ್ಮದ ನರದ ತುದಿಗಳನ್ನು ಕೆಣಕಿ ಇಟ್ಟಿರುತ್ತದೆ. ಮೊದಲಾದರೆ ಸುಮ್ಮನಿರುತ್ತಿದ್ದ ನರ ಈಗ ಸಣ್ಣ ಬಿಸಿಗೂ ಕೂಗುತ್ತದೆ.

ಆಪರೇಷನ್ ಆದ ಮೊಣಕಾಲಿನ ಒಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಕತ್ತರಿಸಿದ ಜಾಗದ ಜೀವಕೋಶಗಳು ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಪ್ರೋಸ್ಟಗ್ಲಾಂಡಿನ್. ಇದು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಅದರಿಂದ ಕಾಲು ಬಿಸಿಯಾಗಿ ಬಾತುಕೊಳ್ಳುತ್ತದೆ. ಜೊತೆಗೆ ನರದ ತುದಿಗಳನ್ನು ಮೆಣಸಿನಕಾಯಿಯ ಹಾಗೆ ಕೆಣಕುತ್ತದೆ. ಕೆಣಕಿದ ನರ ಸುದ್ದಿ ಕಳಿಸುತ್ತದೆ. ಸುದ್ದಿ ಕಾಲಿನ ನರ ಹಿಡಿದು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಮುಟ್ಟುತ್ತದೆ. ಮಿದುಳಿಗೆ ಮುಟ್ಟಿದ ಮೇಲೆಯೇ ಅದು "ನೋವು".

ಆಲಮಟ್ಟಿಯ ನೀರು ಹೊಲಕ್ಕೆ ಬರುವುದನ್ನು ನೆನಪಿಸಿಕೊಳ್ಳಿ. ದೊಡ್ಡ ಕಾಲುವೆ, ಮರಿ ಕಾಲುವೆ, ಕೊನೆಗೆ ಹೊಲದ ಬದುವಿನ ಬಾಯಿ. ಹೊಲಕ್ಕೆ ನೀರು ಕಡಿಮೆ ಬರಬೇಕು ಅಂದರೆ ಇದರಲ್ಲಿ ಎಲ್ಲಿ ಬೇಕಾದರೂ ಗೇಟು ಇಳಿಸಬಹುದು. ನೋವಿನ ಔಷಧಗಳೂ ಹಾಗೇ, ಒಂದೊಂದು ಒಂದೊಂದು ಗೇಟಿನಲ್ಲಿ ಕೂತು ಕೆಲಸ ಮಾಡುತ್ತವೆ. ಒಂದೇ ಗೇಟನ್ನು ಪೂರ್ತಿ ಮುಚ್ಚಬೇಕು ಅಂದರೆ ಆ ಔಷಧ ಬಹಳ ಬೇಕು, ಅದರ ಕಾಟವೂ ಬಹಳ. ಮೂರು ನಾಲ್ಕು ಗೇಟುಗಳನ್ನು ಸ್ವಲ್ಪ ಸ್ವಲ್ಪ ಇಳಿಸಿದರೆ ಹೊಲಕ್ಕೆ ಬರುವ ನೀರು ಅಷ್ಟೇ ಕಡಿಮೆಯಾಗುತ್ತದೆ, ಯಾವ ಗೇಟಿನ ಮೇಲೂ ಭಾರ ಬೀಳುವುದಿಲ್ಲ. ಈಗಿನ ವೈದ್ಯರು ಆಪರೇಷನ್ ನೋವಿಗೆ ಹಿಡಿದಿರುವ ದಾರಿ ಇದು.

ಸಂಜೆ ನಗು, ರಾತ್ರಿ ಬೆವರು: ಯಾಕೆ?

ನಮ್ಮ ಹುಡುಗನಿಗೆ ಊಟದ ಹೊತ್ತಿಗೆ ನೋವು ಇರಲಿಲ್ಲ ಎನ್ನುವುದು ನಿಜ. ಕಾರಣ, ಆಪರೇಷನ್ ಸಮಯದಲ್ಲಿ ಅವನ ತೊಡೆಯ ನರದ ಪಕ್ಕ ಮರಗಟ್ಟಿಸುವ ಔಷಧ ಬಿಟ್ಟಿದ್ದರು. ಇದಕ್ಕೆ ನರ್ವ್ ಬ್ಲಾಕ್ ಎನ್ನುತ್ತಾರೆ. ಹಲ್ಲು ಕೀಳುವಾಗ ಕೊಡುವ ಸೂಜಿಯ ದೊಡ್ಡಣ್ಣ ಎನ್ನಿ. ಬುಪಿವಕೇನ್, ರೋಪಿವಕೇನ್ ಎಂಬ ಔಷಧಗಳು ಇದಕ್ಕೆ ಬಳಕೆಯಲ್ಲಿವೆ. ಒಂದು ಸಲ ಬಿಟ್ಟರೆ ಸಾಮಾನ್ಯವಾಗಿ 12ರಿಂದ 24 ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಬಿಟ್ಟ ಬ್ಲಾಕ್ ರಾತ್ರಿ ಎರಡೂವರೆಗೆ ಇಳಿಯಿತು. ಹದಿನಾರೂವರೆ ಗಂಟೆ. ಲೆಕ್ಕ ಸರಿಯಾಗೇ ಇತ್ತು, ಆದರೆ ಆ ಲೆಕ್ಕ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಬ್ಲಾಕ್ ಇಳಿಯುವಾಗ ನೋವು ಮೆಲ್ಲಗೆ ಬರುವುದಿಲ್ಲ. ಅದುವರೆಗೆ ಒಳಗೆ ಬಾವು ಏರಿರುತ್ತದೆ, ನರಗಳು ಕೆರಳಿರುತ್ತವೆ, ಸುದ್ದಿ ಮಾತ್ರ ತಡೆದು ನಿಂತಿರುತ್ತದೆ. ತಡೆ ತೆಗೆದ ಕೂಡಲೇ ಎಲ್ಲ ಒಮ್ಮೆಗೇ ನುಗ್ಗುತ್ತದೆ. ಗುಳಿಗೆ ಆಗ ನುಂಗಿದರೆ ಅದು ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಿ ಕೆಲಸ ಶುರು ಮಾಡಲು ಅರ್ಧದಿಂದ ಒಂದು ಗಂಟೆ ಬೇಕು. ಆ ಒಂದು ಗಂಟೆಯನ್ನು ನಾನು ನೋಡಿದ್ದೇನೆ. ಯಾರಿಗೂ ಬೇಡ.

ಹಾಗಾಗಿ ಬ್ಲಾಕ್ ಇರುವಾಗಲೇ, ಕಾಲು ಜೋಮು ಹಿಡಿದಂತೆ ಇರುವಾಗಲೇ, ಊಟ ಮಾಡಿ ಮೊದಲ ಗುಳಿಗೆ ತೆಗೆದುಕೊಂಡು ಮಲಗಬೇಕು. ಮನೆಗೆ ಹೊರಡುವ ಮೊದಲು ಎರಡು ಪ್ರಶ್ನೆ ಕೇಳಿ: "ಬ್ಲಾಕ್ ಕೊಟ್ಟಿದ್ದೀರಾ? ಎಷ್ಟು ಹೊತ್ತಿಗೆ ಇಳಿಯುತ್ತೆ?" "ಮೊದಲ ಗುಳಿಗೆ ಎಷ್ಟಕ್ಕೆ?" ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.

ಬ್ಲಾಕ್ ಇರುವ ತನಕ ಕಾಲಿಗೆ ಬಲ ಸರಿಯಾಗಿ ಇರುವುದಿಲ್ಲ. ಹೇಗೂ ನೋವಿಲ್ಲವಲ್ಲ ಅಂತ ಬಚ್ಚಲಿಗೆ ಒಬ್ಬನೇ ಹೋಗಿ ಬಿದ್ದವರಿದ್ದಾರೆ. ಒಬ್ಬರು ಪಕ್ಕದಲ್ಲಿರಬೇಕು.

ಪ್ಯಾರಾಸಿಟಮಾಲ್: ಸಾದಾ ಗುಳಿಗೆ ಅನ್ನಬೇಡಿ

ಡೋಲೊ, ಕ್ರೋಸಿನ್ ಅಂತ ಮನೆಮನೆಯಲ್ಲಿ ಇರುವುದು ಇದೇ. ಜ್ವರದ ಗುಳಿಗೆ ಅಂತ ನಾವು ಇದನ್ನು ಹಗುರ ಮಾಡಿಬಿಟ್ಟಿದ್ದೇವೆ. ಆದರೆ ಆಪರೇಷನ್ ನೋವಿನ ಚಿಕಿತ್ಸೆಗೆ ಅಡಿಪಾಯ ಇದು. ಹೆಚ್ಚಾಗಿ ಮಿದುಳು, ಬೆನ್ನುಹುರಿಯ ಕಡೆ ಕೆಲಸ ಮಾಡುತ್ತದೆ. ಹೊಟ್ಟೆ ಕೆಡಿಸುವುದಿಲ್ಲ, ಮಂಪರು ತರುವುದಿಲ್ಲ. ಒಂದು ಗುಳಿಗೆ ನುಂಗಿ "ಇದರಿಂದ ಏನೂ ಆಗಲಿಲ್ಲ" ಅಂತ ಬಿಡುವವರು ಬಹಳ. ಇದರ ಬಲ ಇರುವುದು ಹೊತ್ತಿಗೆ ಸರಿಯಾಗಿ, ದಿನಕ್ಕೆ ಮೂರೋ ನಾಲ್ಕೋ ಸಲ, ಬಿಡದೆ ತೆಗೆದುಕೊಂಡಾಗ.

ಮಿತಿ ಮಾತ್ರ ಗಟ್ಟಿ. ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 4 ಗ್ರಾಂ, ಅಂದರೆ 4000 ಮಿಲಿಗ್ರಾಂ, ಮೀರಬಾರದು. 50 ಕೆಜಿಗಿಂತ ಕಡಿಮೆ ತೂಕದವರಿಗೆ, ಲಿವರ್ ತೊಂದರೆ ಇರುವವರಿಗೆ, ದಿನಾ ಕುಡಿಯುವವರಿಗೆ ಇದಕ್ಕಿಂತ ಕಡಿಮೆ. ಎಷ್ಟು ಅಂತ ಡಾಕ್ಟರೇ ಹೇಳಬೇಕು.

ಯಾಕೆ ಈ ಮಿತಿ? ಪ್ಯಾರಾಸಿಟಮಾಲನ್ನು ಲಿವರ್ ಅರೆದು ಹೊರಹಾಕುವಾಗ ಸ್ವಲ್ಪ ವಿಷದ ಕಸ ಹುಟ್ಟುತ್ತದೆ. ಅದನ್ನು ಎತ್ತಿ ಹಾಕಲು ಲಿವರಿನಲ್ಲೇ ವ್ಯವಸ್ಥೆ ಇದೆ. ಓಣಿಗೆ ದಿನಾ ಬರುವ ಕಸದ ಗಾಡಿ ಇದ್ದಂತೆ. ಮಿತಿಯಲ್ಲಿದ್ದರೆ ಕಸ ಅಂದಂದೇ ಖಾಲಿ. ಮೀರಿದರೆ ಗಾಡಿ ತುಂಬಿಹೋಗಿ ಉಳಿದ ಕಸ ಲಿವರನ್ನೇ ತಿನ್ನುತ್ತದೆ. ಇದರಲ್ಲಿ ಭಯಪಡಬೇಕಾದ ವಿಷಯ ಏನೆಂದರೆ, ಮೊದಲ ದಿನ ಏನೂ ಗೊತ್ತಾಗದೆ ಇರಬಹುದು. ಜಾಸ್ತಿ ನುಂಗಿದ್ದು ತಿಳಿದ ಕೂಡಲೇ, ಚೆನ್ನಾಗಿದ್ದರೂ, ದವಾಖಾನೆಗೆ ಹೋಗಬೇಕು. ಇದಕ್ಕೆ ಮದ್ದು ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಬಾವಿನ ಗುಳಿಗೆ

ಎರಡನೇ ಗೇಟು ಗಾಯದ ಹತ್ತಿರವೇ ಇದೆ. ಐಬುಪ್ರೊಫೆನ್, ನಾಪ್ರಾಕ್ಸೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಎಟೋರಿಕಾಕ್ಸಿಬ್, ಇವೆಲ್ಲ ಒಂದೇ ಮನೆತನ. ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನೇ ಇವು ತಡೆಯುತ್ತವೆ. ಹಾಗಾಗಿ ನೋವಿನ ಜೊತೆ ಬಾವೂ ಇಳಿಯುತ್ತದೆ. ಆಸ್ಪಿರಿನ್ ಇದೇ ಕೆಲಸ ಮಾಡುತ್ತದೆ ಅಂತ ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ಮತ್ತಿಬ್ಬರ ಜೊತೆ ನೊಬೆಲ್ ಬಂತು. ಆಸ್ಪಿರಿನ್ ಮಾರಾಟಕ್ಕೆ ಬಂದು ಆಗಲೇ ಎಪ್ಪತ್ತು ವರ್ಷ ದಾಟಿತ್ತು. ಅಷ್ಟು ದಿನ ಜಗತ್ತು ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯದೆಯೇ ನುಂಗಿತ್ತು.

ತೊಂದರೆ ಇರುವುದು ಇಲ್ಲಿ: ಪ್ರೋಸ್ಟಗ್ಲಾಂಡಿನ್ ಬರೀ ನೋವಿನ ವಸ್ತುವಲ್ಲ. ಹೊಟ್ಟೆಯ ಒಳಗೋಡೆಯನ್ನು ಆಮ್ಲದಿಂದ ಕಾಪಾಡುವುದು ಅದೇ. ಮೂತ್ರಪಿಂಡಕ್ಕೆ, ಅಂದರೆ ಕಿಡ್ನಿಗೆ, ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದರಲ್ಲೂ ಅದರ ಕೈ ಇದೆ. ಗುಳಿಗೆಗೆ ಮೊಣಕಾಲು ಯಾವುದು, ಹೊಟ್ಟೆ ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲ ಕಡೆಯೂ ತಡೆಯುತ್ತದೆ. ಅದಕ್ಕೇ ಇದನ್ನು ಊಟದ ಮೇಲೆ ತೆಗೆದುಕೊಳ್ಳಿ ಎನ್ನುವುದು. ಅದಕ್ಕೇ ಜೊತೆಗೆ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಗುಳಿಗೆ ಬರೆಯುವುದು. ಆ ಗ್ಯಾಸಿನ ಗುಳಿಗೆ ಮಾತ್ರ ಊಟಕ್ಕೆ ಅರ್ಧ ಗಂಟೆ ಮೊದಲು.

ಕಿಡ್ನಿಯ ಮಾತು ಬಂದಾಗ ನನಗೆ ರಣಹದ್ದು ನೆನಪಾಗುತ್ತದೆ. ನಮ್ಮ ದನಗಳಿಗೆ ನೋವಿಗೆ ಅಂತ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಆ ದನ ಸತ್ತ ಮೇಲೆ ತಿಂದ ಹದ್ದುಗಳ ಕಿಡ್ನಿ ಕೆಟ್ಟು, ದೇಶದಲ್ಲಿ ಹದ್ದಿನ ಸಂತತಿಯೇ ಕುಸಿಯಿತು. 2006ರಲ್ಲಿ ದನಗಳಿಗೆ ಆ ಔಷಧ ಕೊಡುವುದನ್ನು ಭಾರತ ನಿಲ್ಲಿಸಿತು. ಮನುಷ್ಯರು ಹದ್ದಿನಷ್ಟು ನಾಜೂಕಲ್ಲ. ಆರೋಗ್ಯವಾಗಿರುವ ಹುಡುಗ ನಾಲ್ಕೈದು ದಿನ ತೆಗೆದುಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಕಿಡ್ನಿ ತೊಂದರೆ, ಹೊಟ್ಟೆಹುಣ್ಣು, ಹೃದಯದ ಕಾಯಿಲೆ, ಪಾರ್ಶ್ವವಾಯು ಆದವರು, ರಕ್ತ ತೆಳು ಮಾಡುವ ಗುಳಿಗೆ ನುಂಗುವವರು, ಆಸ್ಪಿರಿನ್‌ನಿಂದ ಉಬ್ಬಸ ಬರುವವರು, ಬಸುರಿಯರು, ಇವರೆಲ್ಲ ಡಾಕ್ಟರಿಗೆ ಮೊದಲೇ ಹೇಳಲೇಬೇಕು.

ಬಿಪಿ ಇರುವವರಿಗೆ ಇನ್ನೊಂದು ಮಾತು. ಟೆಲ್ಮಿಸಾರ್ಟನ್‌ನಂಥ ಬಿಪಿ ಗುಳಿಗೆ, ಜೊತೆಗೆ ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ, ಅದರ ಮೇಲೆ ಈ ಬಾವಿನ ಗುಳಿಗೆ. ಮೂರೂ ಕೂಡಿದರೆ ಕಿಡ್ನಿಗೆ ಮೂರು ಕಡೆಯಿಂದ ಏಟು. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟಿದಾಗ ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಇನ್ನೂ ಜಾಸ್ತಿ. ಬಚ್ಚಲಿಗೆ ಏಳುವುದು ಕಷ್ಟ ಅಂತ ನೀರು ಕುಡಿಯುವುದನ್ನೇ ಬಿಡುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ನೀರು, ಮಜ್ಜಿಗೆ ಕುಡಿಯುತ್ತಿರಿ. ಬಿಪಿ ಇದ್ದರೆ ಮಜ್ಜಿಗೆಗೆ ಉಪ್ಪು ಬೇಡ.

ಇದೇ ಮನೆತನದ ಎರಡು ಗುಳಿಗೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಾರದು. ನೋವು ಎರಡು ಪಟ್ಟು ಇಳಿಯುವುದಿಲ್ಲ, ಕಾಟ ಮಾತ್ರ ಏರುತ್ತದೆ. ಪ್ಯಾರಾಸಿಟಮಾಲ್ ಬೇರೆ ಮನೆತನ, ಅದನ್ನು ಇದರ ಜೊತೆ ಕೂಡಿಸಬಹುದು.

ಚೀಟಿಯ ಲೆಕ್ಕ, ಪಟ್ಟಿಯ ಹಿಂಭಾಗ

ಚೀಟಿಯಲ್ಲಿ 1-0-1 ಅಂತ ಇದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 1-1-1 ಅಂದರೆ ಮೂರು ಹೊತ್ತು. ಎಸ್‌ಒಎಸ್ ಅಂತ ಬರೆದಿದ್ದರೆ, ತಡೆಯದಂಥ ನೋವು ಬಂದಾಗ ಮಾತ್ರ. ನಮ್ಮ ಹುಡುಗನ ಚೀಟಿ ಹೀಗಿತ್ತು: ಅಸಿಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಕೂಡಿದ ಗುಳಿಗೆ 1-0-1, ಗ್ಯಾಸಿನ ಗುಳಿಗೆ ಬೆಳಿಗ್ಗೆ ಒಂದು, ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಕೂಡಿದ್ದು ಎಸ್‌ಒಎಸ್.

ಮರುದಿನ ಮೈ ಸ್ವಲ್ಪ ಬೆಚ್ಚಗಾಯಿತು. ಪಕ್ಕದ ಮನೆಯವರು ಪ್ರೀತಿಯಿಂದಲೇ ಡೋಲೊ 650ರ ಪಟ್ಟಿ ತಂದುಕೊಟ್ಟು, "ದಿನಕ್ಕ ನಾಕು ಕೊಡ್ರಿ, ಏನೂ ಆಗಂಗಿಲ್ಲ" ಎಂದರು. ಪೇಪರು ಪೆನ್ನು ತಗೊಂಡು ಕೂತೆ. ಡೋಲೊ ನಾಲ್ಕು ಅಂದರೆ 2600 ಮಿಲಿಗ್ರಾಂ. ಅಸಿಕ್ಲೋಫೆನಾಕ್ ಗುಳಿಗೆಯಲ್ಲಿ ತಲಾ 325ರಂತೆ ಎರಡಕ್ಕೆ 650. ಟ್ರಮಡಾಲ್ ಗುಳಿಗೆಯಲ್ಲೂ 325, ಮೂರು ಸಲ ಬೇಕಾದರೆ 975. ಒಟ್ಟು 4225. ಮಿತಿ ದಾಟಿತ್ತು. ಮೂರು ಗುಳಿಗೆಗೂ ಬೇರೆ ಬೇರೆ ಹೆಸರು, ಬೇರೆ ಬಣ್ಣ. ಒಳಗೆ ಕೂತಿದ್ದದ್ದು ಒಂದೇ ಪ್ಯಾರಾಸಿಟಮಾಲ್. ನೆಗಡಿ ಗುಳಿಗೆಗಳಲ್ಲೂ ಅದು ಇರುತ್ತದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆ ಇರುತ್ತದೆ.

ಆದ್ದರಿಂದ ಪಟ್ಟಿಯ ಮುಂದಿನ ದೊಡ್ಡ ಹೆಸರು ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಬೇಕು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಇಂಗ್ಲಿಷ್ ಬಾರದಿದ್ದರೆ ಮೆಡಿಕಲ್ ಅಂಗಡಿಯವರನ್ನು ಕೇಳಿ: "ಇದರೊಳಗ ಪ್ಯಾರಾಸಿಟಮಾಲ್ ಐತೇನ್ರಿ? ಎಷ್ಟೈತಿ?" ನಾವು ಡೋಲೊ ವಾಪಸ್ ಕೊಟ್ಟು, ದವಾಖಾನೆಗೆ ಫೋನ್ ಮಾಡಿ ಎಷ್ಟಕ್ಕೆ ಯಾವುದು ಅಂತ ಬರೆದುಕೊಂಡೆವು. ಗೋಡೆಯ ಕ್ಯಾಲೆಂಡರಿನ ಹಿಂದೆ ಅಕ್ಕ ಮನೆ ಹಾಕಿ, ಕೊಟ್ಟಾಗೆಲ್ಲ ಟಿಕ್ ಮಾಡುತ್ತಿದ್ದಳು. ಮೂರು ಜನ ನೋಡಿಕೊಳ್ಳುವ ಮನೆಯಲ್ಲಿ "ನಾನು ಕೊಟ್ಟೆ, ನೀನೂ ಕೊಟ್ಟೆಯಾ" ಎಂಬ ಗೊಂದಲ ಇದರಿಂದ ತಪ್ಪುತ್ತದೆ.

ಅಫೀಮಿನ ಬಳಗ ಯಾಕೆ ಕೊನೆಗೆ?

ಗಸಗಸೆ ಗಿಡದ ಹಸಿ ಕಾಯಿ ಗೀರಿದರೆ ಬರುವ ಹಾಲೇ ಅಫೀಮು. ಮಾರ್ಫಿನ್ ಅದರಿಂದ ಬಂದದ್ದು. ಟ್ರಮಡಾಲ್, ಫೆಂಟನಿಲ್ ಕಾರ್ಖಾನೆಯಲ್ಲಿ ಮಾಡಿದವು, ಕೆಲಸದ ದಾರಿ ಅದೇ. ಇವಕ್ಕೆಲ್ಲ ಒಟ್ಟಾಗಿ ಓಪಿಯಾಯ್ಡ್ ಎನ್ನುತ್ತಾರೆ. ಇವು ಮಿದುಳು, ಬೆನ್ನುಹುರಿಯ ಗೇಟನ್ನೇ ಹಿಡಿಯುತ್ತವೆ. ದೊಡ್ಡ ಆಪರೇಷನ್ ಆದಾಗ, ಕ್ಯಾನ್ಸರಿನ ನೋವಿನಲ್ಲಿ ಇವು ದೇವರಂಥ ಔಷಧ. ಅಲ್ಲಿ ಹೆದರಿ ಕೊಡದೇ ಇರುವುದೇ ಅನ್ಯಾಯ.

ಆದರೆ ದಿನದಲ್ಲೇ ಮನೆಗೆ ಬರುವ ಮೊಣಕಾಲಿಗೆ ಇವನ್ನೇ ಮೊದಲು ಹಿಡಿಯಬೇಕಾಗಿಲ್ಲ. ವಾಂತಿ, ತಲೆತಿರುಗು, ಮಂಪರು. ವಾಕರ್ ಹಿಡಿದು ನಡೆಯುವವನಿಗೆ ತಲೆ ತಿರುಗಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಮಲಬದ್ಧತೆ ಇನ್ನೊಂದು ಕಾಟ. ಕುಕ್ಕರಗಾಲಲ್ಲಿ ಕೂರಲಾಗದ ಮನುಷ್ಯನಿಗೆ ಅದು ನೋವಿಗಿಂತ ಹೆಚ್ಚು ಹಿಂಸೆ. ಜಾಸ್ತಿಯಾದರೆ, ಅಥವಾ ಮದ್ಯ, ನಿದ್ದೆ ಗುಳಿಗೆಯ ಜೊತೆ ಸೇರಿದರೆ, ಉಸಿರೇ ನಿಧಾನವಾಗುತ್ತದೆ. ಬಹಳ ದಿನ ತೆಗೆದುಕೊಂಡರೆ ಬಿಡುವುದು ಕಷ್ಟ. ಟ್ರಮಡಾಲನ್ನು ನಮ್ಮ ಸರ್ಕಾರ 2018ರಲ್ಲಿ ಮಾದಕ ವಸ್ತುಗಳ ಕಾನೂನಿನ ಕೆಳಗೆ ತಂದದ್ದು ಇದಕ್ಕೇ.

ಇವಿಲ್ಲದೆ ನೋವು ತಡೆಯಬಹುದೇ? ಕೆನಡಾದ ಒಂಟಾರಿಯೊದ ಮೂರು ಆಸ್ಪತ್ರೆಗಳಲ್ಲಿ ಮೊಣಕಾಲು ಅಥವಾ ಭುಜದ ದುರ್ಬೀನು ಆಪರೇಷನ್ ಆದ 200 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಲ್ಲಿನ ರೂಢಿಯಂತೆ ಓಪಿಯಾಯ್ಡ್ ಬರೆದರು. ಇನ್ನೊಂದಕ್ಕೆ ನಾಪ್ರಾಕ್ಸೆನ್, ಪ್ಯಾರಾಸಿಟಮಾಲ್, ಹೊಟ್ಟೆ ಕಾಯಲು ಪ್ಯಾಂಟೊಪ್ರಜೋಲ್ ಕೊಟ್ಟು, ತಡೆಯದಿದ್ದರೆ ಮಾತ್ರ ಅಂತ ಕೆಲವೇ ಓಪಿಯಾಯ್ಡ್ ಗುಳಿಗೆ ಕೊಟ್ಟರು. ಯಾವಾಗ ಏನು ತೆಗೆದುಕೊಳ್ಳಬೇಕು ಅಂತ ಚಿತ್ರದ ಹಾಳೆಯನ್ನೂ ಕೊಟ್ಟರು. ಆರು ವಾರದಲ್ಲಿ ಎರಡನೇ ಗುಂಪಿನ ಕನಿಷ್ಠ ಅರ್ಧ ಜನ ಒಂದೂ ಓಪಿಯಾಯ್ಡ್ ಮುಟ್ಟಲಿಲ್ಲ. ನೋವಿನಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನನಗೆ ಇದರಲ್ಲಿ ಗುಳಿಗೆಗಳಷ್ಟೇ ಆ ಹಾಳೆಯೂ ದೊಡ್ಡದು ಅನಿಸುತ್ತದೆ. ಏನು ಮಾಡಬೇಕು ಅಂತ ಗೊತ್ತಿದ್ದವರು ಕಡಿಮೆ ಹೆದರುತ್ತಾರೆ.

ಹೊಸದೊಂದು ಗುಳಿಗೆಯ ಸುದ್ದಿಯೂ ಇದೆ. ಸುಜೆಟ್ರಿಜಿನ್ ಅಂತ ಹೆಸರು. ಅಮೆರಿಕದಲ್ಲಿ 2025ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಗಾಯದ ಕಡೆಯ ನರಗಳಲ್ಲಿ ಸುದ್ದಿ ಓಡಿಸುವ ಒಂದು ಬಾಗಿಲನ್ನು ಇದು ಮುಚ್ಚುತ್ತದೆ. ಮಿದುಳಿನ ಗೇಟನ್ನು ಹಿಡಿಯುವುದಿಲ್ಲ. ಒಪ್ಪಿಗೆಗೆ ಮುಂಚಿನ ದೊಡ್ಡ ಪರೀಕ್ಷೆಗಳು ಹೊಟ್ಟೆಯ ಮತ್ತು ಕಾಲ್ಬೆರಳಿನ ಆಪರೇಷನ್ ಆದವರ ಮೇಲೆ ನಡೆದಿದ್ದವು, ಮೊಣಕಾಲಿನ ಮೇಲಲ್ಲ. ಅಲ್ಲೂ ಅದು ಓಪಿಯಾಯ್ಡ್ ಕೂಡಿದ ಗುಳಿಗೆಯನ್ನು ಮೀರಿಸಲಿಲ್ಲ.

ಮಂಜುಗಡ್ಡೆ, ದಿಂಬು, ಕಾಸುವುದು

ಗುಳಿಗೆಯ ಜೊತೆ ಮಂಜುಗಡ್ಡೆಯೂ ಕೆಲಸ ಮಾಡುತ್ತದೆ. ತಂಪು ರಕ್ತನಾಳಗಳನ್ನು ಕುಗ್ಗಿಸುತ್ತದೆ, ನರದ ಸುದ್ದಿಯನ್ನು ನಿಧಾನ ಮಾಡುತ್ತದೆ. ಫ್ರಿಜ್ಜಿನ ಐಸನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಟವೆಲ್ ಸುತ್ತಿ, 15–20 ನಿಮಿಷ ಇಡಿ. ಎಚ್ಚರ ಇರುವಾಗ ಎರಡು ಮೂರು ಗಂಟೆಗೊಮ್ಮೆ. ಬರೀ ಐಸನ್ನು ಚರ್ಮಕ್ಕೆ ತಾಗಿಸಬೇಡಿ. ಬ್ಲಾಕ್ ಇರುವಾಗ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಗಾಯಕ್ಕೆ ಕಟ್ಟಿದ ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಿ.

ಬಿಸಿ ಇಟ್ಟಿಗೆಯಿಂದ ಕಾಸುವುದು, ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಹಿರಿಯರ ರೂಢಿ. ಉಳುಕಿದ ಬೆನ್ನಿಗೆ ಅದು ಹಿತ. ಆಪರೇಷನ್ ಆದ ಕಾಲಿಗೆ ಬೇಡ. ಬಿಸಿಯಿಂದ ಬಾವು ಏರುತ್ತದೆ, ಎಣ್ಣೆಯಿಂದ ಗಾಯ ಕೆಡುತ್ತದೆ. ಮೀನಖಂಡದಲ್ಲಿ ರಕ್ತ ಗಡ್ಡೆ ಕಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಅಜ್ಜಿಗೆ ಇದನ್ನು ಸಮಾಧಾನವಾಗಿ ಹೇಳಿ. ಅವರ ಕೈಗೆ ಐಸಿನ ಚೀಲ ಕೊಟ್ಟು ಕೂರಿಸಿ. ನಮ್ಮಲ್ಲಿ ಹಾಗೇ ಮಾಡಿದೆವು.

ಕಾಲನ್ನು ಎದೆಗಿಂತ ಎತ್ತರ ಇಡಬೇಕು. ದಿಂಬು ಹಿಮ್ಮಡಿ, ಮೀನಖಂಡದ ಕೆಳಗೆ ಇರಲಿ. ಮೊಣಕಾಲಿನ ಕೆಳಗೆ ಮಾತ್ರ ಇಟ್ಟರೆ ಹಿತ ಅನಿಸುತ್ತದೆ, ಆದರೆ ಕಾಲು ಬಾಗಿದಲ್ಲೇ ಬಿಗಿಯುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ, ರಕ್ತ ಹೆಪ್ಪುಗಟ್ಟದಿರಲು ಅದು ಸಹಾಯ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ, ಕುಕ್ಕರಗಾಲಿನ ಪಾಯಖಾನೆ ಸದ್ಯಕ್ಕೆ ಬೇಡ. ಕಮೋಡ್ ಕುರ್ಚಿಯನ್ನು ಆಪರೇಷನ್‌ಗೆ ಮೊದಲೇ ತಂದಿಡಿ.

ಎಷ್ಟು ನೋವು ಸರಿ?

ಬಾವು ಮತ್ತು ನೋವು ಸಾಮಾನ್ಯವಾಗಿ ಮೊದಲ ಎರಡು ಮೂರು ದಿನ ಜೋರು. ಆ ದಿನಗಳಲ್ಲಿ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ, ನೋವು ಬರಲಿ ಅಂತ ಕಾಯಬೇಡಿ. ಆಮೇಲೆ ಡಾಕ್ಟರು ಹೇಳಿದಂತೆ ಇಳಿಸುತ್ತ ಹೋಗಿ. ಗಾದಿ ಹೊಲಿದಿದ್ದರೆ, ಎಸಿಎಲ್ ಆಗಿದ್ದರೆ, ಬಾವಿನ ಗುಳಿಗೆ ಎಷ್ಟು ದಿನ ಅಂತ ಕೇಳಿಕೊಳ್ಳಿ. ಬಹಳ ದಿನ ಬೇಡ ಎನ್ನುವ ವೈದ್ಯರಿದ್ದಾರೆ.

ನೋವು ಸೊನ್ನೆ ಆಗಬೇಕು ಅಂತ ಹಟ ಹಿಡಿದರೆ ಗುಳಿಗೆ ಜಾಸ್ತಿಯಾಗುತ್ತದೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಕೇಳಿ. ಮೂರು ನಾಲ್ಕು ಇದ್ದು, ನಿದ್ದೆ ಬಂದು, ಬಚ್ಚಲಿಗೆ ಹೋಗಿಬಂದು, ಹೇಳಿಕೊಟ್ಟ ವ್ಯಾಯಾಮ ಮಾಡಲಾಗುತ್ತಿದ್ದರೆ ಔಷಧ ಸರಿಯಾಗಿದೆ. ಗಂಡಸು ಹಲ್ಲು ಕಚ್ಚಿ ತಡೆಯಬೇಕು ಎಂಬ ಮಾತು ಗರಡಿಮನೆಯಲ್ಲಿರಲಿ. ನೋವಿಗೆ ಹೆದರಿ ಕಾಲು ಅಲ್ಲಾಡಿಸದಿದ್ದರೆ ಕೀಲು ಬಿಗಿಯುತ್ತದೆ, ತೊಡೆ ಸೊರಗುತ್ತದೆ.

ಇವು ಕಂಡರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಮೀನಖಂಡ ಬಾತು ಗಟ್ಟಿಯಾಗಿ ನೋಯುವುದು. ಉಸಿರು ಕಟ್ಟುವುದು, ಎದೆನೋವು. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಇಳಿಯದ ಜ್ವರ, ಗಾಯದಿಂದ ಕೀವು. ಪಾದ ತಣ್ಣಗಾಗಿ ಬಣ್ಣಗೆಡುವುದು. ಬ್ಲಾಕ್ ಇಳಿದ ಮೇಲೂ ಹೋಗದ ಜೋಮು. ಡಾಂಬರಿನಂತೆ ಕಪ್ಪು ಮಲ, ರಕ್ತವಾಂತಿ. ಮೂತ್ರ ಬಹಳ ಕಡಿಮೆಯಾಗುವುದು. ಗುಳಿಗೆ ಹೊತ್ತಿಗೆ ತೆಗೆದುಕೊಂಡರೂ ನೋವು ಏರುತ್ತಲೇ ಹೋಗುವುದು.

ಉಳಿದ ಗುಳಿಗೆ

ನಮ್ಮ ಹುಡುಗನಿಗೆ ಟ್ರಮಡಾಲ್ ಕೂಡಿದ ಗುಳಿಗೆ ಹತ್ತು ಕೊಟ್ಟಿದ್ದರು. ಖರ್ಚಾದದ್ದು ಎರಡು. ಒಂದು ಆ ಎರಡೂವರೆಯ ಹೊತ್ತಿಗೆ, ಇನ್ನೊಂದು ಮರುದಿನ ರಾತ್ರಿ. ಎಂಟನೇ ದಿನಕ್ಕೆ ಎಲ್ಲ ನೋವಿನ ಗುಳಿಗೆ ನಿಂತವು. ಊರಿಗೆ ಹೊರಡುವಾಗ ಅಕ್ಕ ಉಳಿದ ಎಂಟನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು. "ಅತ್ತಿಗೆ ಸೊಂಟ ಭಾಳ ನೋಯ್ತೈತಿ, ಉಪಯೋಗಕ್ಕ ಬರ್ತಾವ" ಎಂದಳು.

ಅವಳ ಅತ್ತೆಗೆ ಎಪ್ಪತ್ತೆರಡು. ಹಿಂದೊಮ್ಮೆ ಫಿಟ್ಸ್ ಬಂದಿತ್ತು, ರಾತ್ರಿ ನಿದ್ದೆ ಗುಳಿಗೆ ನುಂಗುತ್ತಾರೆ. ಟ್ರಮಡಾಲ್ ಫಿಟ್ಸ್ ತರಬಲ್ಲದು, ನಿದ್ದೆ ಗುಳಿಗೆ ಜೊತೆ ಸೇರಿದರೆ ಉಸಿರಿಗೆ ಅಪಾಯ ಅಂತ ಹೇಳಿದೆ. ಅಕ್ಕ ಸೆರಗು ಬಿಚ್ಚಿದಳು. ಎಂಟೂ ಗುಳಿಗೆಯನ್ನು ಪಟ್ಟಿಯಿಂದ ತೆಗೆದು, ಬೆಳಗಿನ ಚಹಾ ಸೋಸಿದ ಒದ್ದೆ ಪುಡಿಯಲ್ಲಿ ಕಲಸಿ, ಹಾಲಿನ ಖಾಲಿ ಪಾಕೀಟಿಗೆ ತುಂಬಿ ಬಿಗಿಯಾಗಿ ಗಂಟು ಹಾಕಿದಳು. ಕಸದ ಗಾಡಿ ಬಂದಾಗ ತಾನೇ ಹೋಗಿ ಹಾಕಿ ಬಂದಳು.